ಮಾಧವಣ್ಣನ ಗುರ್ತು ಮತ್ತು ನನ್ನ ಮೇಲ್ ಪೆಟ್ಟಿಗೆ

ಮೊಬೈಲಿಗೆ ಅಗ್ಗದ ಇಂಟರ್ನೆಟ್ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಕುಂದಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಮೀನುಗಾರಿಕೆ ದೋಣಿಗಳ ಜಿಪಿಎಸ್ ಮತ್ತು ವೈರ್‌ಲೆಸ್ ಸೆಟ್ಟುಗಳ ರಿಪೇರಿ ನನ್ನ ಕಸುಬು. ಈಗ ಅಂಗಡಿ ಮುಚ್ಚಿ ಬ್ರಹ್ಮಾವರದಲ್ಲಿದ್ದೇನೆ. ನಿನ್ನ ಕೆಲಸದಲ್ಲಿ ಮರೆಯಲಾಗದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಮಾಧವಣ್ಣನ ಸಂಗತಿಯನ್ನೇ.

ಮೊದಲು ಒಂದು ಮಾತು ತಿಳಿಸಬೇಕು. ಸಮುದ್ರದಡಿ ಅಲ್ಲಲ್ಲಿ ಕಲ್ಲುಗಳಿರುತ್ತವೆ, ಅವುಗಳ ಸುತ್ತ ಮೀನು ಸೇರುತ್ತದೆ. ಅಂಥ ಜಾಗ ಸಿಕ್ಕಿದಾಗ ದೋಣಿಯವರು ಅದರ ಅಕ್ಷಾಂಶ, ರೇಖಾಂಶಗಳನ್ನು ಜಿಪಿಎಸ್‌ನಲ್ಲಿ ಉಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಅದಕ್ಕೆ ಗುರ್ತು ಎನ್ನುತ್ತಾರೆ. ಒಬ್ಬನ ಗುರ್ತು ಇನ್ನೊಬ್ಬನಿಗೆ ಸಿಕ್ಕಿತೋ, ಮರುದಿನ ಅಲ್ಲಿ ದೋಣಿಗಳ ಸಂತೆ. ಹಾಗಾಗಿ ವೈರ್‌ಲೆಸ್‌ನಲ್ಲಿ ಯಾರಾದರೂ ಎಲ್ಲಿದ್ದೀರಿ ಎಂದು ಕೇಳಿದರೆ ತೆಂಕಿನಲ್ಲಿರುವವರು ಬಡಗಿನಲ್ಲಿದ್ದೇವೆ ಎನ್ನುವುದು ವಾಡಿಕೆ. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು. ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಜಿಪಿಎಸ್ ಸೆಟ್ ರಿಪೇರಿಗೆ ಬಂದರೆ ಕೆಲವೊಮ್ಮೆ ಅದರ ಮೆಮೊರಿ ಪೂರ್ತಿ ಅಳಿಸಬೇಕಾಗುತ್ತದೆ. ಅದಕ್ಕೆ ಮುಂಚೆ ಗುರ್ತುಗಳನ್ನು ಬೇರೆಲ್ಲಾದರೂ ಉಳಿಸಬೇಕು. ಪೆನ್‌ಡ್ರೈವ್ ಉಪ್ಪುಗಾಳಿಗೆ ಹಾಳಾಗುತ್ತಿತ್ತು, ಕಂಪ್ಯೂಟರ್ ಒಂದು ಮಳೆಗಾಲದ ಸಿಡಿಲಿಗೆ ಸುಟ್ಟೇ ಹೋಯಿತು. ಸಾಕಪ್ಪಾ ಸಾಕು ಎನ್ನಿಸಿ, ಪುಕ್ಕಟೆ ಸಿಗುವ ಇಮೇಲ್ ಖಾತೆಯೊಂದನ್ನು ತೆರೆದೆ. ಸೆಟ್ಟಿನ ಪರದೆಯ ಫೋಟೊ ತೆಗೆದು ನನಗೆ ನಾನೇ ಮೇಲ್ ಮಾಡಿಕೊಳ್ಳುವುದು. ಫೋಟೊದೊಳಗಿನ ಅಂಕಿ ಹುಡುಕಿದರೆ ಸಿಗುವುದಿಲ್ಲ, ಟೈಪ್ ಮಾಡಿದ್ದು ಮಾತ್ರ ಸಿಗುತ್ತದೆ. ಅದಕ್ಕಾಗಿ ದೋಣಿಯ ಹೆಸರು, ಊರು, ಮಾತಿಗೆ ಕುಳಿತ ಗಿರಾಕಿ ಹೇಳಿದ ನಾಲ್ಕು ಸಂಗತಿ, ಎಲ್ಲವನ್ನೂ ಕೆಳಗೆ ಬರೆಯುತ್ತಿದ್ದೆ. ತನಗೆ ತಾನೇ ಕಾಗದ ಬರೆದುಕೊಳ್ಳುವ ಮನುಷ್ಯ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು. ನಗಲಿ, ನನಗೇನು?

ಮಾಧವಣ್ಣ ಬೈಂದೂರು ಕಡೆಯ ನಾಡದೋಣಿಯವರು. ಗಾಳ ಹಾಕಿ ಅಂಜಲ್ ಮೀನು ಹಿಡಿಯುವುದರಲ್ಲಿ ಪಳಗಿದ ಕೈ. ಸೆಟ್ ಕೊಡುವಾಗಲೇ ನನ್ನಿಂದ ಮಾತು ತೆಗೆದುಕೊಂಡಿದ್ದರು: "ಈ ಗುರ್ತ್ ನಿಮ್ಗೂ ನಂಗೂ ಬಿಟ್ರೆ ಮತ್ ಯಾರಿಗೂ ಗೊತ್ತಾಪುಕಾಗ." ಆಯಿತು, ಯಾರಿಗೂ ಹೇಳುವುದಿಲ್ಲ ಎಂದಿದ್ದೆ. ಕಸುಬಿನಲ್ಲಿ ಆ ನಂಬಿಕೆ ಹೋದರೆ ಅಂಗಡಿಗೆ ಬೀಗ ಹಾಕುವುದೇ.

ನವರಾತ್ರಿ ಕಳೆದ ವಾರ ಒಂದು ಬೆಳಿಗ್ಗೆ ಮಾಧವಣ್ಣನ ಹೆಂಡತಿ ಸುಶೀಲಕ್ಕ ಅಂಗಡಿಗೆ ಬಂದರು. ಬೈಕಿನಲ್ಲಿ ಕರೆತಂದವರು ಅದೇ ದಡದ ಇನ್ನೊಂದು ದೋಣಿಯ ಗೋಪಾಲ. ಮಾಧವಣ್ಣನ ಮೀನಿನ ಜಾಗ ಯಾವುದೆಂದು ವರ್ಷಗಟ್ಟಲೆ ಬೆನ್ನು ಹತ್ತಿದವರು ಇವರೇ! ಹಿಂದಿನ ದಿನ ಮಾಧವಣ್ಣ ಮತ್ತು ಜೊತೆಗಾರ ಹೋದವರು ವಾಪಸಾಗಿರಲಿಲ್ಲ. ಕೊನೆಯ ಸಲ ವೈರ್‌ಲೆಸ್‌ನಲ್ಲಿ ಬಡಗು ಬದಿ ಇದ್ದೇವೆ ಎಂದಿದ್ದರಂತೆ. ಆಮೇಲೆ ಸದ್ದಿಲ್ಲ. ಪೊಲೀಸ್ ಬೋಟೂ, ಊರಿನ ದೋಣಿಗಳೂ ಬಡಗಿನಲ್ಲೇ ಹುಡುಕುತ್ತಿದ್ದವು. ಆ ಮಾತು ಸುಳ್ಳಿರಬಹುದೆಂದು ಎಲ್ಲರಿಗೂ ಅನುಮಾನ, ಆದರೆ ನಿಜ ಯಾವುದೆಂದು ಗೊತ್ತಿರಬೇಕಲ್ಲ. ಮೇಲಿಂದ ಸಂಜೆಗೆ ಗಾಳಿ ಏಳುವ ಮುನ್ಸೂಚನೆ.

"ಆ ಸೆಟ್ ನಿಮ್ಮತ್ರವೇ ಅಲ್ದಾ ರಿಪೇರಿ ಮಾಡ್ಸದ್? ಎಂತಾರೂ ಇತ್ತಾ ಕಾಣಿ ಮಾರಾಯ್ರೆ," ಎಂದರು ಗೋಪಾಲ.

ನಾನು ಮೇಲ್ ತೆರೆದೆ. ದೋಣಿಯ ಹೆಸರು ಹಾಕಿ ಹುಡುಕಿದರೆ ಏನೂ ಬರಲಿಲ್ಲ. ಸೆಟ್ ರಿಪೇರಿಗೆ ಬಂದದ್ದು ಹಳೆಯ ದೋಣಿಯಿಂದ, ಈಗಿನದು ಹೊಸ ದೋಣಿ. ಹಳೆಯದರ ಹೆಸರು ಹಾಕಿದರೂ, ನಾನು ಯಾವ ಕಾಗುಣಿತದಲ್ಲಿ ಬರೆದಿದ್ದೆನೋ, ಸಿಗಲಿಲ್ಲ. ಮಾಧವ ಎಂದು ಹಾಕಿದರೆ ಊರಿನ ಮಾಧವರೆಲ್ಲ ಸಾಲಾಗಿ ಬಂದರು. ಸಿಗದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ, ಅಂಜಲ್, ನವರಾತ್ರಿ ಎಂದು ಎರಡೂ ಸೇರಿಸಿ ಟೈಪ್ ಮಾಡಿದೆ. ಒಂದೇ ಒಂದು ಮೇಲ್ ಬಂತು. ಚಾ ಕುಡಿಯುತ್ತ ಮಾಧವಣ್ಣ ಜಂಬ ಕೊಚ್ಚಿದ್ದನ್ನು ನಾನೇ ಬರೆದಿಟ್ಟಿದ್ದೆ: ನವರಾತ್ರಿ ಕಳೆದ ಮೇಲೆ ಅಂಜಲ್‌ಗೆ ತೆಂಕಣ ಕಲ್ಲೇ ಆಗಬೇಕು. ಜೊತೆಗಿದ್ದ ಫೋಟೊದಲ್ಲಿ ಅದೇ ಹೆಸರಿನಲ್ಲಿ ಆ ಕಲ್ಲಿನ ಗುರ್ತು. ಎಲ್ಲರೂ ಹುಡುಕುತ್ತಿದ್ದ ದಿಕ್ಕಿಗೆ ಪೂರಾ ಉಲ್ಟಾ!

ಆದರೂ ಅದನ್ನು ಓದಿ ಹೇಳಲು ಹಿಂಜರಿದೆ. ಮಾಧವಣ್ಣ ಯಾರಿಂದ ಅದನ್ನು ಮುಚ್ಚಿಟ್ಟಿದ್ದರೋ ಆ ಮನುಷ್ಯ ಎದುರಿಗೇ ಕುಳಿತಿದ್ದಾರೆ. ಮಾತು ಕೊಟ್ಟಿದ್ದೇನೆ ಎಂದು ಸುಶೀಲಕ್ಕನಿಗೆ ಹೇಳಿದೆ.

ಅವರು ಅಳಲಿಲ್ಲ. "ನೀವ್ ಮಾತ್ ಕೊಟ್ಟದ್ ಅವ್ರಿಗೆ ಅಲ್ದಾ? ಅವ್ರೇ ಇಲ್ದಿರೆ ಆ ಮಾತ್ ಇಟ್ಕಂಡ್ ಎಂತ ಮಾಡ್ತ್ರಿ?"

ಗೋಪಾಲ ತಲೆ ತಗ್ಗಿಸಿಯೇ ಹೇಳಿದರು: "ನಂಗ್ ಕಲ್ಲ್ ಬ್ಯಾಡ ಮಾರಾಯ್ರೆ, ಜನ ಬೇಕ್. ಒಂದ್ ನಂಬರ್ ಹೇಳಿ ಸಾಕ್."

ಮತ್ತೆ ಯೋಚಿಸಲಿಲ್ಲ. ಮಿಕ್ಕ ಗುರ್ತುಗಳನ್ನು ತೋರಿಸದೆ ಅದೊಂದನ್ನೇ ಓದಿ ಹೇಳಿದೆ. ಪೊಲೀಸರಿಗೂ ಫೋನ್ ಮಾಡಿ ಅದನ್ನೇ ತಿಳಿಸಿದೆ. ಅವರ ಬೋಟು ಬಡಗಿನಲ್ಲಿ ಬಹಳ ದೂರ ಹೋಗಿತ್ತು. ಗೋಪಾಲ ಕಾಯಲಿಲ್ಲ, ಬೈಕಿನಲ್ಲಿ ಸೀದಾ ಊರಿನ ದಡಕ್ಕೆ ಹೋಗಿ ದೋಣಿ ಇಳಿಸಿದರು. ನಾನು ಅಂಗಡಿ ಬಾಗಿಲೆಳೆದು ಸುಶೀಲಕ್ಕನ ಜೊತೆ ಬಸ್ಸಿನಲ್ಲಿ ಅಲ್ಲಿಗೆ ಹೋದೆ. ಅಷ್ಟರಲ್ಲಿ ಗಾಳಿ ಬೀಸತೊಡಗಿತು. ಮಾಧವಣ್ಣ ಆ ದಿನ ಬೇರೆ ಕಲ್ಲಿಗೆ ಹೋಗಿದ್ದರೆ? ಸುಶೀಲಕ್ಕ ಮಾತ್ರ ನೀರಿನಿಂದ ಕಣ್ಣು ತೆಗೆಯಲಿಲ್ಲ.

ಹೊತ್ತು ಇಳಿಯುವಾಗ ಎರಡು ದೋಣಿ ಕಂಡವು, ಒಂದರ ಹಿಂದೆ ಒಂದು, ಹಗ್ಗ ಕಟ್ಟಿ ಎಳೆದುಕೊಂಡು. ಇಂಜಿನ್ ಕೆಟ್ಟು, ಬ್ಯಾಟರಿ ಸತ್ತು, ಮಾಧವಣ್ಣ ಮತ್ತು ಜೊತೆಗಾರ ಆ ಕಲ್ಲಿಗೇ ಲಂಗರು ಹಾಕಿ ಕುಳಿತಿದ್ದರಂತೆ. ಲಂಗರು ಇನ್ನೇನು ಕಿತ್ತು ಬರುವುದರಲ್ಲಿತ್ತು. ಗೋಪಾಲನನ್ನು ಕಂಡು ಮೊದಲು ಕೇಳಿದ್ದು ನೀರನ್ನಲ್ಲ: "ಅಯ್ಯಬ್ಯಾ, ನಿಂಗ್ ಈ ಜಾಗ ಯಾರಾ ಹೇಳದ್?" ಇದನ್ನು ಹೇಳಿ ಗೋಪಾಲ ದಡದಲ್ಲಿ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ನಾಲ್ಕು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಮಾಧವಣ್ಣನ ಮುಖ ಗಂಟಿಕ್ಕಿತ್ತು. "ನೀವ್ ಮಾತ್ ತಪ್ಪಿದ್ರಿ," ಎಂದರು.

ನನಗೂ ಸಿಟ್ಟು ಬಂತು. "ಹೌದ್, ತಪ್ಪಿದೆ. ನಾಳೆ ಹಾಂಗೇ ಆರೆ ಮತ್ತೂ ತಪ್ತೆ," ಎಂದೆ.

ಮಾಧವಣ್ಣ ಹೆಂಡತಿಯ ಕಡೆ ಕೈ ತೋರಿಸಿ, "ಹಾಂಗಾರೆ ಇವ್ಳಿಗೂ ಆ ಗುರ್ತ್ ತೆಗುಕೆ ಕಲ್ಸಿ. ಮುಂದಿನ್ ಸಲ ನಿಮ್ ಅಂಗ್ಡಿ ಹುಡ್ಕಂಡ್ ಬಪ್ದ್ ಬ್ಯಾಡ," ಎಂದರು.

ಎಲ್ಲವನ್ನೂ ಕೂಡಿಡುವುದೇ ದೊಡ್ಡ ಕೆಲಸ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಕೂಡಿಟ್ಟದ್ದು ಬೇಕಾದ ಹೊತ್ತಿಗೆ, ಬೇಕಾದವರ ಕೈಗೆ ಸಿಗದಿದ್ದರೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದಿನಿಂದ ಯಾರ ಗುರ್ತು ಉಳಿಸಿದರೂ, ದಡದಲ್ಲಿರುವ ಅವರ ಮನೆಯವರೊಬ್ಬರಿಗೆ ಅದನ್ನು ತೆಗೆಯಲು ಕಲಿಸದೆ ನಾನು ಸೆಟ್ ವಾಪಸ್ ಕೊಡಲಿಲ್ಲ. ಕೆಲವರು ಗೊಣಗಿದರು. ನಾನು ಬಗ್ಗಲಿಲ್ಲ.

ಸುಶೀಲಕ್ಕನಿಗೆ ಅವತ್ತೇ ಅವರ ಫೋನಿನಲ್ಲಿ ಖಾತೆ ತೆರೆದುಕೊಟ್ಟು, ಗಂಡನ ಗುರ್ತುಗಳನ್ನೆಲ್ಲ ಕಳಿಸಿದೆ. ಹುಡುಕುವುದು ಹೇಗೆಂದು ತೋರಿಸಿ, ಒಂದು ಗುರ್ತನ್ನು ಮ್ಯಾಪಿನಲ್ಲಿ ತೆರೆದೆ. ಪರದೆ ತುಂಬಾ ನೀಲಿ, ಊರು ಎಲ್ಲೂ ಕಾಣುತ್ತಿರಲಿಲ್ಲ. ಅವರು ಬೆರಳಿನಿಂದ ಮ್ಯಾಪನ್ನು ಸರಿಸಿದರು, ಮತ್ತೆ ಸರಿಸಿದರು. ಬಹಳ ಹೊತ್ತಿನ ಮೇಲೆ ದಡ ಸಿಕ್ಕಿತು. ಆಗ ಫೋನಿನಿಂದ ತಲೆಯೆತ್ತಿ ಗಂಡನ ಮುಖ ನೋಡಿದರು.

"ಇಷ್ಟ್ ದೂರ ಹೋತ್ರಿಯಾ ನೀವ್?"