ಬಿಚ್ಚಿಟ್ಟ ಅಚ್ಚನ್ನು ಮತ್ತೆ ಕಟ್ಟಿದ ಮೃತ್ಯುಂಜಯ

ಬೆಳಗಿನ ಐದು ಗಂಟೆ. ಶ್ರೀರಾಂಪುರದ ಈ ಬಡಾವಣೆಯಲ್ಲಿ ಹಾಲಿನವರ ಸೈಕಲ್ ಬಿಟ್ಟರೆ ಇನ್ನೂ ಯಾವ ಸದ್ದೂ ಇಲ್ಲ. ಮೂಲೆ ಮನೆಯ ಮುಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಯಾರೋ ಬಳಸಿ ದಾನ ಕೊಟ್ಟ ಕಂಪ್ಯೂಟರಿನ ಮುಂದೆ ಮೃತ್ಯುಂಜಯ ಕೂತಿದ್ದಾರೆ. ಹಣೆಯ ವಿಭೂತಿ ಇನ್ನೂ ಪೂರ್ತಿ ಒಣಗಿಲ್ಲ. ಕಪ್ಪು ಪರದೆಯ ಮೇಲೆ ‘ಮೇಕ್’ ಎಂಬ ಒಂದೇ ಪದವನ್ನು ಒತ್ತಿ, ಎಂಟರ್ ಗುಂಡಿ ತಟ್ಟಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಬಿಳಿ ಅಕ್ಷರಗಳ ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡಲು ಶುರುವಾಗುತ್ತವೆ.

“ಇನ್ನು ನಮ್ಮ ಕೈಲೇನಿಲ್ಲ, ಅದರ ಪಾಡಿಗೆ ಅದು ಕಟ್ಕೊಳ್ತದೆ,” ಎಂದು ಈ ಕೆಲಸ ನೋಡಲು ಬಂದ ಅತಿಥಿಗೆ ಹೇಳುತ್ತಾರೆ. “ಏಳಕ್ಕೆ ಕರೆಂಟ್ ತೆಗೀತಾರಲ್ಲ, ಅಷ್ಟರೊಳಗೆ ಮುಗೀಬೇಕು. ನಡುವೆ ಹೋಯ್ತು ಅಂದ್ರೆ ನಾಳೆ ಬೆಳಿಗ್ಗೆ ಮತ್ತೆ ಇದೇ ಪೂಜೆ ಕಣ್ರೀ.”

ಅಂಧ ಮಕ್ಕಳಿಗೆ ಪಠ್ಯಪುಸ್ತಕ ಮಾಡಿಕೊಡುವ ಪುಟ್ಟ ಮುದ್ರಣಾಲಯವಿದು. ಕನ್ನಡ ಪಾಠವನ್ನು ಆರು ಚುಕ್ಕಿಗಳ ಬ್ರೈಲ್ ಲಿಪಿಗೆ ತಿರುಗಿಸುವ ಪ್ರೋಗ್ರಾಂ ಒಂದನ್ನು ಮೃತ್ಯುಂಜಯ ಈಗ ಅದರ ಮೂಲ ಬರಹದಿಂದ, ಅಂದರೆ ಸೋರ್ಸ್ ಕೋಡಿನಿಂದ, ಕಟ್ಟುತ್ತಿದ್ದಾರೆ. ಅದು ಸರಿಯಾಗಿ ಎದ್ದು ನಿಂತರೆ ಪಕ್ಕದ ಬ್ರೈಲ್ ಯಂತ್ರ ದಪ್ಪ ಕಾಗದದ ಮೇಲೆ ಚುಕ್ಕಿ ಗುದ್ದಲು ಶುರುಮಾಡುತ್ತದೆ. ಹತ್ತನೇ ತರಗತಿಗೆ ಕಾಲಿಡುತ್ತಿರುವ ಅಕ್ಷತಾ ಎಂಬ ಹುಡುಗಿಗೆ ಸಮಾಜ ವಿಜ್ಞಾನದ ಪುಸ್ತಕ ಶಾಲೆ ತೆರೆಯುವ ದಿನವೇ ಕೈಗೆ ಬರುತ್ತದೆ. ಕೈಕೊಟ್ಟರೆ, ಪಕ್ಕದಲ್ಲಿ ಕೂರುವ ಗೆಳತಿ ಪುರುಸೊತ್ತಾದಾಗ ಓದಿ ಹೇಳಿದ್ದನ್ನು ಕೇಳಿಸಿಕೊಂಡೇ ಅವಳು ಪಬ್ಲಿಕ್ ಪರೀಕ್ಷೆಗೆ ಕೂರಬೇಕು. ಇದು ೨೦೦೪ರ ಮೇ ತಿಂಗಳ ಕೊನೆಯ ವಾರ. ಶಾಲೆ ಬಾಗಿಲು ತೆರೆಯಲು ಹೆಚ್ಚು ದಿನ ಉಳಿದಿಲ್ಲ.

ಮೃತ್ಯುಂಜಯ ಹುಟ್ಟಾ ಕಂಪ್ಯೂಟರಿನವರಲ್ಲ. ತಂದೆ ಮಠವೊಂದರ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದರು. ದೇವರಾಜ ಮೊಹಲ್ಲಾದ ಒಂದು ಪ್ರೆಸ್ಸಿನಲ್ಲಿ ಇವರು ಸೀಸದ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಆದರು. ಲಗ್ನಪತ್ರಿಕೆ, ವಚನದ ಕಿರುಹೊತ್ತಗೆ, ಚುನಾವಣೆಯ ಕರಪತ್ರ ಎಲ್ಲಕ್ಕೂ ಅವರ ಬೆರಳೇ ಅಕ್ಷರ ಹೆಕ್ಕಿದ್ದು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದು ಆ ಪ್ರೆಸ್ಸಿನ ಬಾಗಿಲು ಹಾಕಿಸಿತು. ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಆ ಲಾರಿ ಹೊರಟ ದಿನ ಅವರು ಊಟ ಮಾಡಲಿಲ್ಲ. ಅದನ್ನು ಹೇಳುವಾಗಲೂ ಅವರ ಕಣ್ಣು ಪರದೆಯ ಮೇಲೆಯೇ ಇದೆ.

ಕೆಲಸ ಹುಡುಕುತ್ತ ಇಲ್ಲಿಗೆ ಬಂದಾಗ ಕಾಗದ ಜೋಡಿಸುವುದು, ಹೊಲಿಯುವುದು ಅವರ ಪಾಲಿಗೆ ಬಂತು. ಆಮೇಲೆ ಸಂಜೆ ಕಾಲೇಜೊಂದರ ಕಂಪ್ಯೂಟರ್ ಉಪನ್ಯಾಸಕಿ ಮಧುಶ್ರೀ ಒಂದು ಸಿ.ಡಿ. ತಂದುಕೊಟ್ಟರು. ಅದರಲ್ಲಿ ಬ್ರೈಲ್ ಪ್ರೋಗ್ರಾಮಿನ ಮೂಲವಿತ್ತು. ಮೌಸ್ ಒತ್ತಿದರೆ ತೆರೆದುಕೊಳ್ಳುವ ಜಾತಿಯದಲ್ಲ, ಆಜ್ಞೆ ಟೈಪ್ ಮಾಡಿಯೇ ಓಡಿಸಬೇಕು. ಅದಕ್ಕೂ ಮೊದಲು ನಾವೇ ಕಟ್ಟಿಕೊಳ್ಳಬೇಕು. ಮಧುಶ್ರೀ ಪಕ್ಕದಲ್ಲಿ ಕೂತು ಮೂರು ಹೆಜ್ಜೆ ಕಲಿಸಿದರು. ‘ಕಾನ್ಫಿಗರ್’ ಎಂದರೆ ಕಂಪ್ಯೂಟರು ತನ್ನಲ್ಲಿ ಏನೇನು ಸಾಮಾನಿದೆ ಎಂದು ತಡಕಿ ನೋಡಿಕೊಳ್ಳುತ್ತದೆ. ‘ಮೇಕ್’ ಎಂದರೆ ಕಟ್ಟುತ್ತದೆ. ‘ಮೇಕ್ ಇನ್‌ಸ್ಟಾಲ್’ ಎಂದರೆ ಕಟ್ಟಿದ್ದನ್ನು ಅದರ ಜಾಗದಲ್ಲಿ ಕೂರಿಸುತ್ತದೆ.

“ಮೇಡಂ ಹೇಳಿದ ತಕ್ಷಣ ನನಗೆ ಅರ್ಥ ಆಗೋಯ್ತು,” ಎಂದು ನಗುತ್ತಾರೆ. “ನಾವೂ ಅಂಗೇ ತಾನೆ? ಮೊದಲು ಮೊಳೆ ಇಡೋ ಕೇಸಿನಲ್ಲಿ ಯಾವ ಅಕ್ಷರ ಕಮ್ಮಿ ಇದೆ ನೋಡ್ಕೊಳ್ಳೋದು, ಆಮೇಲೆ ಜೋಡಿಸೋದು, ಆಮೇಲೆ ಮಿಷಿನ್ನಿಗೆ ಹತ್ತಿಸೋದು.”

ಕಟ್ಟಿದ ಪ್ರೋಗ್ರಾಂ ಮೊದಮೊದಲು ಕನ್ನಡವನ್ನು ಸಿಕ್ಕಾಪಟ್ಟೆ ಕುಲಗೆಡಿಸುತ್ತಿತ್ತು. ತಿದ್ದಲು ಸಿದ್ದಲಿಂಗಮ್ಮ ಇದ್ದರು. ಇಲವಾಲದಿಂದ ಎರಡು ಬಸ್ ಬದಲಿಸಿ ಬಿಳಿ ಕೋಲು ಹಿಡಿದು ಒಬ್ಬರೇ ಬರುವ ಇವರು ಇಲ್ಲಿನ ಕರಡು ತಿದ್ದುವವರು. ಎಳವೆಯಲ್ಲೇ ದೃಷ್ಟಿ ಹೋದವರು, ಬೆರಳಿನಲ್ಲಿ ಓದುತ್ತಾರೆ. ತಪ್ಪು ಸಿಕ್ಕಿದರೆ ಬಾಯಿ ಬಿಡುವುದಿಲ್ಲ, ಉಗುರಿನಿಂದ ಮೇಜನ್ನು ಒಮ್ಮೆ ಟಕ್ ಎನ್ನಿಸುತ್ತಾರೆ. ಟಕ್ ಎಂದಾಗಲೆಲ್ಲ ಮೃತ್ಯುಂಜಯ ಸೋರ್ಸ್ ತೆರೆದು, ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳುವ ಸಾಲು ಹುಡುಕಿ ತಿದ್ದಿ, ಮತ್ತೆ ಕಟ್ಟುತ್ತಿದ್ದರು. ಹೀಗೆ ಒಂದು ಮಳೆಗಾಲವೇ ಕಳೆಯಿತು. ಕೊನೆಗೆ ಉಗುರು ಸುಮ್ಮನಾಯಿತು, ಪುಸ್ತಕಗಳು ಸಲೀಸಾಗಿ ಹೊರಬೀಳತೊಡಗಿದವು.

ಎಡವಟ್ಟಾದದ್ದು ಅಲ್ಲೇ. ಅಚ್ಚುಕೂಟದಲ್ಲಿ ಒಂದು ಪದ್ಧತಿಯಿದೆ. ಮುದ್ರಣ ಮುಗಿದ ಪುಟವನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅಚ್ಚು ಬಿಚ್ಚಿ, ಒಂದೊಂದು ಮೊಳೆಯನ್ನೂ ಕೇಸಿನ ಅದರದರ ಮನೆಗೆ ಹಾಕಿಬಿಡಬೇಕು, ಇಲ್ಲದಿದ್ದರೆ ನಾಳೆಯ ಕೆಲಸಕ್ಕೆ ಅಕ್ಷರವಿರುವುದಿಲ್ಲ. ಬಿಚ್ಚದೆ ಮನೆಗೆ ಹೋಗುವ ಕಂಪೋಸಿಟರ್ ಎಂದರೆ ಎಂಜಲು ತಟ್ಟೆ ಬಿಟ್ಟು ಎದ್ದವನ ಹಾಗೆ. ಮೃತ್ಯುಂಜಯ ಆ ಶಿಸ್ತನ್ನು ಇಲ್ಲಿಗೂ ತಂದರು. ಪ್ರೋಗ್ರಾಂ ಕಟ್ಟಿಯಾಯಿತು, ಕೂರಿಸಿಯಾಯಿತು, ಇನ್ನು ಸೋರ್ಸ್ ಏಕೆ ಜಾಗ ತಿನ್ನಬೇಕು ಎಂದು, ತಿದ್ದಿದ ಸಾಲುಗಳ ಸಮೇತ ಎಲ್ಲವನ್ನೂ ಅಳಿಸಿಹಾಕಿದರು. ಅಂದು ಮನಸ್ಸಿಗೆ ಬಹಳ ಹಗುರವೆನಿಸಿತಂತೆ.

ಈ ವರ್ಷ ಯುಗಾದಿ ಕಳೆದ ಮೇಲೆ ವೋಲ್ಟೇಜ್ ಏರಿ ಆ ಹಳೆಯ ಕಂಪ್ಯೂಟರಿನ ಬೋರ್ಡ್ ಸುಟ್ಟಿತು. ಹಾರ್ಡ್ ಡಿಸ್ಕ್ ಉಳಿಯಿತು. ದಾನಕ್ಕೆ ಬಂದ ಈ ಕಂಪ್ಯೂಟರಿನಲ್ಲಿ ಇರುವುದು ಬೇರೆ ಕಾಲದ ಲಿನಕ್ಸ್ ಕಾರ್ಯನಿರ್ವಹಣಾ ವ್ಯವಸ್ಥೆ, ಹಳೆಯ ಯಂತ್ರಕ್ಕೆಂದು ಕಟ್ಟಿದ ಪ್ರೋಗ್ರಾಂ ಅದರಲ್ಲಿ ಓಡಲು ಒಪ್ಪಲಿಲ್ಲ. ಮಧುಶ್ರೀ ಬಂದು ನೋಡಿ, ಗಾಬರಿಯೇನೂ ಪಡಲಿಲ್ಲ.

“ಸೋರ್ಸಿಂದ ಮತ್ತೆ ಕಟ್ಟಿದ್ರಾಯ್ತು ಬಿಡಿ ಸರ್. ನೀವು ತಿದ್ದಿದ ಸೋರ್ಸ್ ಎಲ್ಲಿಟ್ಟಿದ್ದೀರಿ?”

“ಅದನ್ನ ಬಿಚ್ಬುಟ್ಟೆ ಮೇಡಂ.”

“ಬಿಚ್ಚೋದು ಅಂದ್ರೆ?”

“ಅಳಿಸ್ಬುಟ್ಟೆ. ಕೆಲಸ ಮುಗಿದಿತ್ತಲ್ಲ.”

ಮಧುಶ್ರೀ ಬಯ್ಯಲಿಲ್ಲ. ಅಳಿಸಿದ ಜಾಗದಲ್ಲಿ ಏನಾದರೂ ಉಳಿದಿದೆಯೇ ಎಂದು ಎರಡು ದಿನ ಕೆದಕಿದರು, ಸಿಗಲಿಲ್ಲ. ಸಿ.ಡಿ.ಯಲ್ಲಿ ಇದ್ದದ್ದು ತಿದ್ದುವ ಮೊದಲಿನ ಸೋರ್ಸ್, ಕನ್ನಡವನ್ನು ಕುಲಗೆಡಿಸುವಂಥದ್ದು. ಆ ರಾತ್ರಿ ಮೃತ್ಯುಂಜಯರಿಗೆ ನಿದ್ದೆ ಹತ್ತಲಿಲ್ಲ. ಅವರಿಗೆ ಅಷ್ಟು ನಾಚಿಕೆಯಾದದ್ದು ಜೀವನದಲ್ಲಿ ಅದೇ ಮೊದಲು. ಅಕ್ಷತಾ ಆಗಲೇ ಎರಡು ಸಲ ಬಂದು ಪುಸ್ತಕ ಯಾವಾಗ ಎಂದು ಕೇಳಿಕೊಂಡು ಹೋಗಿದ್ದಳು.

ದಾರಿ ತೋರಿಸಿದ್ದು ಸಿದ್ದಲಿಂಗಮ್ಮ. “ಹೋದ ವರ್ಷದ ಪುಸ್ತಕ ಕಪಾಟಿನಲ್ಲಿ ಕೂತಿದ್ಯಲ್ರೀ,” ಎಂದರಂತೆ ಅವರು. “ನೀವು ತಿದ್ದಿದ್ದೆಲ್ಲ ಅದರಲ್ಲೇ ಇದೆ. ನಾನು ಓದ್ತೀನಿ, ನೀವು ಹಾಕ್ಕೊಳ್ಳಿ.”

ಅಂದಿನಿಂದ ಕೆಲಸ ಹೀಗೆ ನಡೆದಿದೆ. ಎಡಗೈ ಕೆಳಗೆ ಹೋದ ವರ್ಷದ ಸರಿಯಾದ ಪುಟ, ಬಲಗೈ ಕೆಳಗೆ ಹೊಸ ಪ್ರೋಗ್ರಾಂ ಗುದ್ದಿದ ಅದೇ ಪುಟ. ಎರಡೂ ಕೈಗಳ ಚುಕ್ಕಿ ಒಂದಕ್ಕೊಂದು ಹೊಂದದ ಕಡೆ ಉಗುರು ಟಕ್ ಎನ್ನುತ್ತದೆ, ಅವರು ಚುಕ್ಕಿ ಹೇಳುತ್ತಾರೆ, ಇವರು ಬರೆದುಕೊಂಡು, ಕರೆಂಟ್ ಬಂದಾಗ ಸೋರ್ಸಿನಲ್ಲಿ ತಿದ್ದುತ್ತಾರೆ. ಮರುದಿನ ಬೆಳಿಗ್ಗೆ ಕರೆಂಟ್ ಇರುವಾಗ ಮತ್ತೆ ‘ಮೇಕ್’. ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋದರೂ ಕಂಪ್ಯೂಟರು ಮುಖ ಗಂಟಿಕ್ಕಿ ನಿಂತುಬಿಡುತ್ತದೆ. ಆ ದಿನ ದಂಡ. ಇಡೀ ಬೇಸಿಗೆ ಇಬ್ಬರೂ ಈ ಕೋಣೆ ಬಿಟ್ಟು ಕದಲಿಲ್ಲ.

ಪರದೆಯ ಮೇಲೆ ಓಡುತ್ತಿದ್ದ ಸಾಲುಗಳು ನಿಂತಿವೆ. ದೋಷವಿಲ್ಲ. ಮೃತ್ಯುಂಜಯ ಮೂರನೆಯ ಆಜ್ಞೆ ಕೊಟ್ಟು ಪ್ರೋಗ್ರಾಂ ಕೂರಿಸುತ್ತಾರೆ. ಆಮೇಲೆ ಅವರು ಮಾಡುವುದು ಮುದ್ರಣವಲ್ಲ. ಸೋರ್ಸ್ ಅನ್ನು ಒಂದು ಫ್ಲಾಪಿಗೆ ನಕಲು ಮಾಡಿ, ಮತ್ತೊಂದಕ್ಕೂ ಮಾಡಿ, ಒಂದನ್ನು ಕಪಾಟಿಗೆ ಹಾಕಿ ಇನ್ನೊಂದನ್ನು ಮೇಜಿನ ಮೇಲಿಡುತ್ತಾರೆ. ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು. ಮೊದಲ ಬಸ್ಸಿಗೇ ಹೊರಟ ಸಿದ್ದಲಿಂಗಮ್ಮ ಬಂದು ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಮೃತ್ಯುಂಜಯ ಆ ಫ್ಲಾಪಿಯನ್ನು ಅವರ ಕೈಗೆ ಕೊಡುತ್ತಾರೆ.

“ಇದು ನಿಮ್ಮ ಹತ್ರ ಇರಲಿ ಕಣಮ್ಮ. ನನ್ನ ಕೈ ನಂಬಬೇಡಿ, ಬಿಚ್ಚಿ ಅಭ್ಯಾಸ ಆದ ಕೈ.”

“ನೀವೇ ಕೇಳಿದ್ರೂ ಕೊಡಲ್ಲ,” ಎಂದು ಅವರು ಅದನ್ನು ಬ್ಯಾಗಿನ ಒಳಜೇಬಿಗೆ ಸೇರಿಸುತ್ತಾರೆ.

ಬ್ರೈಲ್ ಯಂತ್ರ ಗಡಗಡ ಸದ್ದು ಮಾಡಿ ಸಮಾಜ ವಿಜ್ಞಾನದ ಮೊದಲ ಹಾಳೆಯನ್ನು ಹೊರದೂಡುತ್ತದೆ. ಇದಕ್ಕೆ ಹೋಲಿಸಿ ನೋಡಲು ಹಳೆಯ ಪುಟವಿಲ್ಲ, ಪಾಠ ಹೊಸದು. ಸಿದ್ದಲಿಂಗಮ್ಮನ ಬೆರಳು ಮೇಲಿನ ಸಾಲಿನಿಂದ ಇಳಿಯತೊಡಗುತ್ತದೆ. ಮೃತ್ಯುಂಜಯ ಅವರ ಉಗುರನ್ನೇ ನೋಡುತ್ತ ನಿಲ್ಲುತ್ತಾರೆ. ಸುಮ್ಮನಿರಲಾಗದೆ, ಅತಿಥಿಯತ್ತ ತಿರುಗದೆಯೇ ಮಾತಾಡುತ್ತಾರೆ.

“ಅಷ್ಟು ವರ್ಷ ಪುಸ್ತಕ ಜೋಡಿಸ್ದೆ. ಸಂಜೆ ಆಗೋದ್ರೊಳಗೆ ನಾನೇ ಬಿಚ್ಚಿ ಹಾಕ್ತಿದ್ದೆ, ನನ್ನ ಕೈಯಲ್ಲಿ ಒಂದು ಪುಟಾನೂ ಉಳೀಲಿಲ್ಲ. ಇದೊಂದು ಉಳೀಲಿ ಅಂತ ಆಸೆ. ನಾನು ಇಲ್ದೆ ಹೋದ ಮೇಲೂ ಯಾರಾದ್ರೂ ಈ ಕುರ್ಚೀಲಿ ಕೂತು ‘ಮೇಕ್’ ಅಂತ ಒತ್ತಿದ್ರೆ, ಮಗೂಗೆ ಪುಸ್ತಕ ಸಿಗಬೇಕು. ಅಷ್ಟೇ.”

ಬೆರಳು ಹಾಳೆಯ ಕೊನೆಯ ಸಾಲು ಮುಟ್ಟುತ್ತದೆ. ಉಗುರು ಮೇಜಿಗೆ ತಾಗಿಲ್ಲ. ಸಿದ್ದಲಿಂಗಮ್ಮ ಹಾಳೆಯನ್ನು ಮಗುಚಿ ಪಕ್ಕಕ್ಕಿಟ್ಟು, ಖಾಲಿ ಕೈ ಚಾಚುತ್ತಾರೆ.

“ಮಾತು ಸಾಕು ಬುಡಿ. ಕರೆಂಟ್ ಹೋಗೋದ್ರೊಳಗೆ ಮುಂದಿನ ಹಾಳೆ ಕೊಡಿ.”