ಸೆನ್ಸರ್‌ಗೆ ವಿಭೂತಿ ಹಚ್ಚಿದ ಮಾವ

ಫ್ರೆಂಡ್ಸ್, ಮಾವನ ಸೂಪರ್‌ಚಾರ್ಜರ್ ಹಾಕಿಸಿದ ಕಾರು ಇವತ್ತು ಹೊನ್ನಾಳಿ ಸೇತುವೆ ಮೇಲೆ ಜರ್ಕ್ ಹೊಡೆದು ನಿಂತಿತು. ನಿನ್ನೆ ಲ್ಯಾಪ್‌ಟಾಪ್ ಜೋಡಿಸಿ ಇಂಜಿನ್ ಟ್ಯೂನ್ ಮಾಡಿದವನು ನಾನೇ.

"ನಿನ್ ಲ್ಯಾಪ್‌ಟಾಪ್‌ನಿಂದ್ಲೇ ಗಾಡಿ ಕೆಟ್ಟೈತೆ. ಇನ್ಮ್ಯಾಲೆ ಮುಟ್ಟಬ್ಯಾಡ!" ಎಂದು ಮಾವ ಸೇತುವೆ ಮೇಲೆ ಸೇರಿದವರೆದುರು ಬೈದರು.

ಬಾನೆಟ್ ಎತ್ತಿ ಗಾಳಿಯ ಪೈಪ್ ಬಿಚ್ಚಿದೆ. ಒಳಗೆ ಗಾಳಿ ಅಳೆಯುವ ಸೆನ್ಸರ್ ಮೇಲೆ ದಪ್ಪಗೆ ವಿಭೂತಿ!

"ಇಲ್ಲ್ಯಾಕೆ ಹಚ್ಚಿದ್ರಿ ಮಾವ?"

"ಇಂಜಿನ್ ಉಸಿರಾಡೋ ಜಾಗ ಅಂತ ನಿನ್ನೆ ಬಿಚ್ಚಿ ತೋರಿಸ್ದೋನು ನೀನೇ ಅಲ್ಲೇನೋ? ಒಳ್ಳೇದಾಗ್ಲಿ ಅಂತ ಹಚ್ಚಿದೆ."

ಸೆನ್ಸರ್ ಕ್ಲೀನ್ ಮಾಡಿದೆ. ಇಂಜಿನ್ ಗುಟುರು ಹಾಕಿ ಎದ್ದಿತು. ಬೈದದ್ದಕ್ಕೆ ಒಂದು 'ಸಾರಿ' ಹೇಳುತ್ತಾರೆಂದು ಕಾದೆ. ಮಾವ ಕೈಮುಗಿದು, "ನೋಡ್ದಾ, ವಿಭೂತಿ ಕೈಬಿಡ್ಲಿಲ್ಲ" ಎನ್ನುತ್ತಾ ಮತ್ತೆ ಜೇಬಿನ ವಿಭೂತಿ ಪೊಟ್ಟಣಕ್ಕೆ ಕೈ ಹಾಕಿದರು.

ಬಾನೆಟ್ ಕಾದ ಹೆಂಚಿನಂತಿದೆ. ಆದರೂ ಮುಚ್ಚಿ ಅದರ ಮೇಲೇ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.