ಎಡಗಡೆಯ ಮುಖ

ಆ ಬೀದಿಯಲ್ಲಿ ಅವಳಿಗೆ ‘ಎಡಗಡೆಯವಳು’ ಎಂಬ ಹೆಸರು ಬಿದ್ದದ್ದು ಒಂದು ಫೋಟೋದಿಂದ. ಬ್ಯೂಟಿ ಪಾರ್ಲರಿನ ಗಾಜಿನ ಹಿಂದೆ ಎರಡು ಚೌಕಟ್ಟುಗಳು ತೂಗುತ್ತಿದ್ದವು. ಬಲಗಡೆಯದು ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿ ತೆಗೆದ, ಬೆಣ್ಣೆಯಂಥ ನುಣುಪಾದ ಮುಖ. ಎಡಗಡೆಯದು ಇವಳದು: ಕೆನ್ನೆ ತುಂಬ ಕೆಂಪು ಗುಳ್ಳೆ, ಸಿಪ್ಪೆ ಏಳುತ್ತಿದ್ದ ಗಲ್ಲ, ಬೆಳಕಿಗೆ ಕಿರಿದಾದ ಕಣ್ಣು. ಇವಳದರ ಕೆಳಗೆ ‘ಮೊದಲು’ ಎಂದೂ ಬಲಗಡೆಯದರ ಕೆಳಗೆ ‘ನಂತರ’ ಎಂದೂ ಬರೆದಿತ್ತು. ಇವಳು ಇಸ್ತ್ರಿ ಮಾಡುತ್ತಿದ್ದ ಲಾಂಡ್ರಿ ಪಾರ್ಲರಿಗೆ ಎದುರಲ್ಲೇ. ಅಂಗಿಯ ಕಾಲರು ಮುಗಿಸಿ ತಲೆ ಎತ್ತಿದರೆ ಸಾಕು, ಅವಳ ಮುಖವೇ ಅವಳನ್ನು ದಿಟ್ಟಿಸುತ್ತಿತ್ತು.

ಪಾರ್ಲರು ಮೂರನೆಯವರದಾಗಿದ್ದರೆ ಒಂದು ಜಗಳದಲ್ಲಿ ಮುಗಿದುಹೋಗುತ್ತಿತ್ತು. ಅದು ಅವಳ ಓರಗಿತ್ತಿಯದು. ಗಂಡನ ಅಣ್ಣನೂ ಅವಳೂ ಮನೆಯ ಮೇಲಂತಸ್ತಿನಲ್ಲಿ, ಇವಳೂ ಗಂಡನೂ ಕೆಳಗೆ. ನಲ್ಲಿಯೂ ಒಂದೇ, ಬಟ್ಟೆ ಒಣಹಾಕುವ ತಂತಿಯೂ ಒಂದೇ. ಬೆಳಿಗ್ಗೆ ಎದ್ದರೆ ಮೊದಲು ಕಾಣುವ ಮುಖವೂ ಓರಗಿತ್ತಿಯದೇ.

ಓರಗಿತ್ತಿ ತನ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದು ಕ್ರೀಮು ಕಲಸುತ್ತಿದ್ದಳು. ಔಷಧಿ ಅಂಗಡಿಯಿಂದ ತಂದ ಟ್ಯೂಬುಗಳು, ಬ್ಲೀಚಿನ ಪುಡಿ, ಒಂದಿಷ್ಟು ಸೆಂಟು. ಕಲಸಿದ್ದನ್ನು ಗುಲಾಬಿ ಮುಚ್ಚಳದ ಡಬ್ಬಿಗಳಿಗೆ ತುಂಬಿ ಮಾರುತ್ತಿದ್ದಳು. ಒಳಗೆ ಏನಿದೆ ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: “ಏನಿದ್ರೂ ಎಲ್ಲ ನನ್ನ ಕೈಗುಣ.”

ಇವಳಿಗೂ ಆ ಕೈಗುಣದಲ್ಲಿ ನಂಬಿಕೆಯಿತ್ತು. ಇಡೀ ದಿನ ಇಸ್ತ್ರಿಪೆಟ್ಟಿಗೆಯ ಹಬೆಗೆ ಮುಖವೊಡ್ಡಿ, ಸಂಜೆ ಬಟ್ಟೆ ಒಗೆಯುವ ಸೋಪಿನ ಚೂರಿನಲ್ಲೇ ಗಸಗಸ ಉಜ್ಜಿ ತೊಳೆದುಕೊಳ್ಳುತ್ತಿದ್ದವಳು. ಕ್ರೀಮು ಹಚ್ಚಿದ ಹೊಸದರಲ್ಲಿ ಮುಖ ಹೊಳೆದದ್ದು ನಿಜ. ಗಂಡ ಕೂಡ ಎರಡು ಸಲ ತಿರುಗಿ ನೋಡಿದ್ದ. ಆಮೇಲೆ ಚರ್ಮ ತೆಳ್ಳಗಾಯಿತು. ಬಿಸಿಲು ತಾಗಿದರೆ ಉರಿ, ನೀರು ತಾಗಿದರೆ ಉರಿ. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ತುಂಬ ಗುಳ್ಳೆ. ಹೆದರಿ ಮೇಲೆ ಓಡಿದಳು. ಓರಗಿತ್ತಿ ಕಿಟಕಿಯ ಹತ್ತಿರ ನಿಲ್ಲಿಸಿ, ಗಲ್ಲ ಹಿಡಿದು ತಿರುಗಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಔಷಧಿ ಅಂಗಡಿಯವನಿಗೆ ತೋರಿಸಿ ಕೇಳುತ್ತೇನೆ ಎಂದಳು. ಆ ಫೋಟೋ ಔಷಧಿ ಅಂಗಡಿಗೆ ಹೋಗಲೇ ಇಲ್ಲ. ಕಟ್ಟು ಹಾಕಿಸಿಕೊಂಡು ಗಾಜಿನ ಹಿಂದೆ ಬಂದು ಕೂತಿತು.

ಕ್ರೀಮು ಹಚ್ಚಿದ ಮೇಲೆ ಕೆಟ್ಟ ಮುಖ, ಕ್ರೀಮು ಹಚ್ಚುವ ಮೊದಲಿನ ಮುಖವಾಗಿ ಬೀದಿಗೆ ಬಿತ್ತು.

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಹೋದಳು. ಪಾರ್ಲರಿನಲ್ಲಿ ಗಿರಾಕಿಗಳು ತುಂಬಿದ್ದರು.

“ಅಕ್ಕ, ಆ ಫೋಟೋ ತೆಗೀರಿ. ಅದು ನಿಮ್ಮ ಕ್ರೀಮ್ ಹಚ್ಚಿದ ಮೇಲಿನದು.”

ಓರಗಿತ್ತಿ ಯಾರದೋ ಹುಬ್ಬಿಗೆ ದಾರ ಹಿಡಿದಿದ್ದಳು. ದಾರ ಬಿಡದೆಯೇ ಗಿರಾಕಿಗಳ ಕಡೆ ನೋಡಿ ನಕ್ಕಳು. “ನಮ್ಮ ಮನೆಯವಳೇ, ಪಾಪ. ದಿನಾ ಹಬೆಯಲ್ಲಿ ಬೇಯ್ತಾಳೆ. ಇವಳ ಹಣೆಬರಹದ ಮುಂದೆ ನನ್ನ ಕೈಗುಣಾನೂ ಸೋತುಹೋಯ್ತು ನೋಡಿ.”

ಕುರ್ಚಿಗಳೆಲ್ಲ ನಕ್ಕವು. ಅವಳು ರಸ್ತೆ ದಾಟಿದಳು. ವಾಪಸ್ಸು ಬಂದು ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದಾಗ ಅದು ಇನ್ನೂ ಬಿಸಿಯಾಗಿತ್ತು. ಆ ಫೋಟೋವನ್ನು ಅಕ್ಕ ತನ್ನ ಕೈಯಾರೆ ಇಳಿಸಬೇಕು, ಇಳಿಸುವಾಗ ಇದೇ ಬೀದಿ ನೋಡುತ್ತಿರಬೇಕು. ಅಷ್ಟಾಗುವ ತನಕ ತನಗೆ ನಿದ್ದೆಯೂ ಬೇಡ, ನೆಮ್ಮದಿಯೂ ಬೇಡ ಎಂದು ಅಂದೇ ನಿಶ್ಚಯ ಮಾಡಿದಳು. ಹಾಗೆಂದು ನಿದ್ದೆ ಮಾಡದೇ ಇರಲಿಲ್ಲ. ಆದರೆ ಹಲ್ಲು ಕಚ್ಚಿಕೊಂಡೇ ಮಲಗಿದಳು.

ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರು ಹೆಚ್ಚು ಮಾತಿನವರಲ್ಲ. ಸಾಲು ಬಾಗಿಲಾಚೆಗೂ ಇತ್ತು. ಹಚ್ಚುತ್ತಿದ್ದದ್ದೇನು, ತೋರಿಸಿ ಎಂದರು. ಅವಳು ಚೀಲದಿಂದ ಗುಲಾಬಿ ಮುಚ್ಚಳದ ಡಬ್ಬಿ ತೆಗೆದಳು. ಚೆಲ್ಲದಿರಲಿ ಎಂದು ಅದನ್ನು ಲಾಂಡ್ರಿಯ ಒಂದು ಹಳೆಯ ನೀಲಿ ಟವೆಲಿನಲ್ಲಿ ಸುತ್ತಿದ್ದಳು. ಪಾರ್ಲರಿನ ಟವೆಲುಗಳು ಒಗೆತಕ್ಕೆ ಇವರಲ್ಲಿಗೇ ಬರುತ್ತಿದ್ದವು; ಇದು ಹಾಳಾಯಿತೆಂದು ಅವರು ಬಿಸಾಕಿದ್ದು. ನೀಲಿಯ ಮೇಲೆ ಅಲ್ಲಲ್ಲಿ ಬಿಳಿಚಿದ ಕಲೆಗಳು.

ಡಾಕ್ಟರು ಡಬ್ಬಿಗಿಂತ ಮೊದಲು ಟವೆಲು ನೋಡಿದರು. “ಇದೇನು ಹೀಗೆ?”

“ಅದು ನಮ್ಮಲ್ಲಿ ಒಗೆಯೋನ ತಪ್ಪು, ಮೇಡಂ. ಸೋಪು ಸರಿ ಕಲಸಲ್ಲ. ಪಾರ್ಲರ್ ಟವೆಲ್ ಎಲ್ಲ ಹೀಗೇ ಹಾಳಾಗ್ತವೆ.”

“ಬೇರೆಯವರ ಟವೆಲ್?”

ಅವಳು ಟವೆಲನ್ನು ಮೇಜಿನ ಮೇಲೆ ಹರವಿದಳು. ಬೇರೆ ಯಾರ ಟವೆಲೂ ಹೀಗಾಗಿರಲಿಲ್ಲ. ಬಣ್ಣ ಹೋದದ್ದು ಕ್ರೀಮು ತಾಗಿದ ಕಡೆಯೇ: ಕೈ ಒರೆಸಿದ ಜಾಗ, ಮುಖ ಒರೆಸಿದ ಜಾಗ, ಡಬ್ಬಿ ಇಟ್ಟ ಜಾಗ. ಒಂದು ಕಲೆಯಂತೂ ಮುಚ್ಚಳದ ಹಾಗೆ ಗುಂಡಗಿತ್ತು. ಇದೇ ಟವೆಲುಗಳ ಸಲುವಾಗಿ ಒಗೆಯುವವನನ್ನು ಅವಳು ಎಷ್ಟು ಬೈದಿದ್ದಳು, ಓರಗಿತ್ತಿ ಬಂದು ಗಲಾಟೆ ಮಾಡಿದಾಗ ಲಾಂಡ್ರಿಯ ಯಜಮಾನಿ ಎಷ್ಟು ಸಲ ಹೊಸ ಟವೆಲು ತಂದುಕೊಟ್ಟಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇವಳ ಅಂಗೈ ಮೇಲೆಯೇ ದಿನವೂ ಆ ಕಲೆಗಳು ಹರವಿಕೊಂಡಿದ್ದವು. ಆ ಟವೆಲುಗಳನ್ನು ಮಡಿಸಿ, ಒತ್ತಿ, ಅಂಚು ಕೂಡಿಸಿ ಜೋಡಿಸಿಟ್ಟು, ಸಂಜೆ ಮನೆಗೆ ಹೋಗಿ ಅದೇ ಕ್ರೀಮನ್ನು ಕೆನ್ನೆಗೆ ಹಚ್ಚಿಕೊಂಡಿದ್ದಳು.

ಡಾಕ್ಟರು ಹೇಳಿದ್ದು ಬಹಳ ಸರಳ. ಒಗೆಯುವ ಸೋಪು ಮುಖದ ಹತ್ತಿರವೂ ಬೇಡ. ವಾಸನೆಯಿಲ್ಲದ ಮೆದು ಸೋಪಿನಿಂದ, ಉಜ್ಜದೆ, ತಣ್ಣೀರಿನಲ್ಲಿ ತೊಳೆಯುವುದು. ಹತ್ತಿ ಬಟ್ಟೆಯಿಂದ ಒತ್ತಿಕೊಳ್ಳುವುದು. ಚರ್ಮದಲ್ಲಿ ಪಸೆ ಇರುವಾಗಲೇ ಬಿಳಿ ಡಬ್ಬಿಯ ಸಾದಾ ಮುಲಾಮು ಹಚ್ಚುವುದು. ಹಗಲು ಹೊರಗೆ ಹೋಗುವ ಮೊದಲು ಬಿಸಿಲು ತಡೆಯುವ ಕ್ರೀಮು, ಜೊತೆಗೆ ಕೊಡೆ. ಗುಲಾಬಿ ಡಬ್ಬಿಯಲ್ಲಿ ಬ್ಲೀಚಿನ ಜೊತೆ ಜೋರಾದ ಔಷಧಿ ಇರುವ ಹಾಗಿದೆ, ಅದನ್ನು ಬಿಡಿಸಲು ಇನ್ನೊಂದು ಸಣ್ಣ ಟ್ಯೂಬು, ಸ್ವಲ್ಪ ಕಾಲ ಮಾತ್ರ. ಅಕ್ಕನ ಒಂದು ಡಬ್ಬಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಇಷ್ಟೂ ಬಂದು ಬಸ್ಸಿಗೂ ಉಳಿಯಿತು. ಹೊರಡುವಾಗ ಡಾಕ್ಟರು ಒಂದು ಮಾತು ಸೇರಿಸಿದರು: “ಮುಖ ಮೊದಲು ಇನ್ನೂ ಕೆಡುತ್ತೆ. ಹೆದರಿ ಹಳೇ ಡಬ್ಬಿಗೆ ಕೈ ಹಾಕಿದ್ರೆ ಮತ್ತೆ ನನ್ನ ಹತ್ರ ಬರಬೇಡಿ.”

ಕೆಟ್ಟಿತು. ಊದಿ, ಕೆಂಪಾಗಿ, ನೀರು ಸುರಿಯತೊಡಗಿತು. ಓರಗಿತ್ತಿ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನಾಲಿಗೆ ಲೊಚಗುಟ್ಟಿದಳು. ತನ್ನ ಕ್ರೀಮು ಬಿಟ್ಟವರ ಗತಿ ಇದೇ ಎಂದು ಪಾರ್ಲರಿನಲ್ಲಿ ಹೇಳಿದಳು. ಒಂದು ದಿನ ಹೊಸ ಗುಲಾಬಿ ಡಬ್ಬಿಯೊಂದನ್ನು ಪುಕ್ಕಟೆಯಾಗಿ ಇವಳ ಹೊಸ್ತಿಲ ಮೇಲೆ ಇಟ್ಟುಹೋದಳು.

ಅವಳು ಡಬ್ಬಿಯನ್ನು ಕೈಗೆತ್ತಿಕೊಂಡಳು. ಮುಖ ಸುಡುತ್ತಿತ್ತು. ಮುಚ್ಚಳ ತೆಗೆದು ಹಚ್ಚಿದರೆ ಆ ಹೊತ್ತಿಗೆ ಉರಿ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತಡೆದದ್ದು ಡಾಕ್ಟರ ಮಾತಲ್ಲ. ಕುರ್ಚಿಗಳು ನಕ್ಕ ಸದ್ದು. ಡಬ್ಬಿಯನ್ನು ಕಪಾಟಿನಲ್ಲಿ ಕನ್ನಡಿಯ ಪಕ್ಕದಲ್ಲೇ ಇಟ್ಟಳು, ಮುಖ ತೊಳೆಯುವಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು. ಆಯಾಸದಿಂದ ಹಾಗೆಯೇ ಮಲಗಿಬಿಡೋಣ ಅನ್ನಿಸಿದ ದಿನವೂ ಅದು ಅವಳನ್ನು ಎಬ್ಬಿಸುತ್ತಿತ್ತು. ಉಳಿದವರು ಚೆಂದಕ್ಕಾಗಿ ಮುಖ ತೊಳೆದರೆ ಅವಳು ಹಗೆಗಾಗಿ ತೊಳೆದಳು. ಹೊತ್ತು ತಪ್ಪಲಿಲ್ಲ.

ಟವೆಲಿನ ಸಂಗತಿ ತಿಳಿದ ದಿನವೇ ಲಾಂಡ್ರಿಯ ಯಜಮಾನಿ ಅವುಗಳನ್ನು ಓರಗಿತ್ತಿಯ ಮುಖಕ್ಕೆ ಎಸೆದುಬರಲು ಟೊಂಕ ಕಟ್ಟಿದಳು. ಇವಳೇ ತಡೆದಳು. “ಈಗ ಬೇಡ ಅಮ್ಮ. ನನ್ನ ಮುಖ ಹೀಗಿರೋವಾಗ ಯಾರು ನಂಬ್ತಾರೆ? ಹಬೆ ಅಂತಾರೆ, ಹಣೆಬರಹ ಅಂತಾರೆ.”

“ನಿನ್ನ ಹೊಟ್ಟೇಲಿ ಇಷ್ಟು ವಿಷ ಇದೆ ಅಂತ ಗೊತ್ತಿದ್ದಿದ್ರೆ ಸಂಬಳ ಸರಿಯಾಗಿ ಕೊಡ್ತಿದ್ದೆ ಮಾರಾಯ್ತಿ,” ಎಂದಳು ಯಜಮಾನಿ. ಹಬೆ ನೇರ ಮುಖಕ್ಕೆ ಬಡಿಯದಂತೆ ಇಸ್ತ್ರಿ ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿಕೊಟ್ಟಳು.

ಮುಖ ನಿಧಾನವಾಗಿ ಆರಿತು. ಮೊದಲು ಉರಿ ಹೋಯಿತು, ಆಮೇಲೆ ಸಿಪ್ಪೆ, ಆಮೇಲೆ ಕೆಂಪು. ಅವಳು ಬೆಳ್ಳಗಾಗಲಿಲ್ಲ. ಅವಳ ಬಣ್ಣವೇ ಅವಳಿಗೆ ಮರಳಿ ಬಂತು. ಗಲ್ಲದ ಮೇಲೆ ಒಂದೆರಡು ಕಲೆ ಉಳಿದವು. ಬಟ್ಟೆ ಕೊಡಲು ಬಂದವರು ಏನು ಹಚ್ಚುತ್ತೀಯ ಎಂದು ಕೇಳತೊಡಗಿದಾಗ, ಹೊತ್ತು ಬಂತು ಎಂದುಕೊಂಡಳು.

ಪಾರ್ಲರಿನ ಟವೆಲುಗಳನ್ನು ಯಾವಾಗಲೂ ಹಿತ್ತಲಿನಲ್ಲಿ ಒಣಗಿಸುತ್ತಿದ್ದರು. ಅಂದಿನಿಂದ ಅವು ಲಾಂಡ್ರಿಯ ಮುಂದಿನ ಕಂಬಿಗೆ ಬಂದವು, ಪಾರ್ಲರಿನ ಗಾಜಿಗೆ ಮುಖ ಮಾಡಿ, ಬಿಳಿಚಿದ ಕಲೆಗಳೆಲ್ಲ ಬೀದಿಗೆ ಕಾಣುವಂತೆ. ಅವುಗಳ ಪಕ್ಕ ಕಿಟಕಿಯಲ್ಲಿ ಅವಳು. ಕೇಳಿದವರಿಗೆ ಅವಳು ಸೇರಿಸಿ ಹೇಳಲೂ ಇಲ್ಲ, ಮುಚ್ಚಿಡಲೂ ಇಲ್ಲ. ಕ್ರೀಮು ತಾಗಿದ ಜಾಗ ಎಂದಳು. ನೀನು ಹಚ್ಚುವುದೂ ಅದೇನಾ ಎಂದರೆ, ಬಿಟ್ಟೆ, ಅದಕ್ಕೇ ಹೀಗಿದ್ದೇನೆ ಎಂದಳು. ಜನ ಟವೆಲು ನೋಡಿದರು, ಎದುರಿನ ಫೋಟೋ ನೋಡಿದರು, ಇವಳ ಮುಖ ನೋಡಿದರು. ಪಾರ್ಲರಿನ ಕುರ್ಚಿಗಳು ಖಾಲಿ ಕೂರತೊಡಗಿದವು. ತಾವು ಕೊಂಡ ಡಬ್ಬಿಗಳನ್ನು ಕೆಲವರು ಚೀಲದಲ್ಲಿ ಹಾಕಿಕೊಂಡು ಬಂದು ಪಾರ್ಲರಿನ ಮೇಜಿನ ಮೇಲೆ ಕುಕ್ಕಿ ಹೋದರು.

ಗಂಡನಿಗೆ ಅಣ್ಣನಿಂದ ಮಾತು ಬಂತು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದ: “ಮನೆಯವರೇ ಮನೆಯವರ ಮಾನ ಬೀದೀಲಿ ಒಣಹಾಕಿದ್ರೆ ಹೇಗೆ?”

“ನನ್ನ ಮಾನ ಗಾಜಿನ ಹಿಂದೆ ತೂಗಾಡ್ತಿದೆಯಲ್ಲ, ಅದನ್ನ ಇಳಿಸಿಕೊಂಡು ಬನ್ನಿ. ನಾನು ಟವೆಲ್ ಇಳಿಸ್ತೀನಿ.”

ಅವನು ಮೆಟ್ಟಿಲು ಹತ್ತಲಿಲ್ಲ.

ಓರಗಿತ್ತಿ ಬಂದದ್ದು ಸಂತೆಯಿಂದ ಜನ ಮರಳುವ ಹೊತ್ತಿಗೆ. ಕಾಯುವಷ್ಟು ಕಾದಿದ್ದಿರಬೇಕು, ಬೀದಿ ಖಾಲಿಯಾಗಲಿಲ್ಲ. ಎಡಗಡೆಯ ಚೌಕಟ್ಟನ್ನು ತಾನೇ ಮೊಳೆಯಿಂದ ಬಿಡಿಸಿ, ಸೆರಗಿನಲ್ಲಿ ಮುಚ್ಚಿಕೊಂಡು, ತಲೆ ತಗ್ಗಿಸಿ ರಸ್ತೆ ದಾಟಿದಳು. ಸೆರಗಿನಡಿ ಏನಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗಾಜಿನ ಹಿಂದೆ ಅದರ ಜಾಗ ಚೌಕಾಕಾರವಾಗಿ ಖಾಲಿ ಉಳಿದಿತ್ತು. ಚೌಕಟ್ಟನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟಳು. “ತಗೋ ನಿನ್ನ ಮುಖ. ಇನ್ನಾದ್ರೂ ಅವನ್ನ ಒಳಗೆ ಹಾಕು. ಹೊಟ್ಟೆ ಮೇಲೆ ಹೊಡೀಬೇಡ ತಂಗಿ.”

ತಂಗಿ ಎಂದದ್ದು ಅದೇ ಮೊದಲು. ಅವಳು ಅದಕ್ಕೂ ಕರಗದೆ ಚೌಕಟ್ಟನ್ನು ಪಕ್ಕಕ್ಕೆ ಸರಿಸಿದಳು. ಕಂಬಿಯಿಂದ ಟವೆಲುಗಳನ್ನು ತೆಗೆದಳು. ಅವಸರವಿಲ್ಲದೆ ಒಂದೊಂದನ್ನೂ ಇಸ್ತ್ರಿ ಮಾಡಿ, ಬಿಳಿಚಿದ ಭಾಗ ಮೇಲೆ ಬರುವಂತೆ ಮಡಿಸಿ, ಕಟ್ಟಿ, ಓರಗಿತ್ತಿಯ ಕೈಗಿಟ್ಟಳು. ಅಷ್ಟು ಹೊತ್ತೂ ಅವಳನ್ನು ನಿಲ್ಲಿಸಿಯೇ ಇದ್ದಳು.

ಗಂಡನಿಗೆ ಕೊಟ್ಟ ಮಾತು ಉಳಿಸಿಕೊಂಡಳು. ಟವೆಲು ಮತ್ತೆ ಮುಂದಿನ ಕಂಬಿಗೆ ಬರಲಿಲ್ಲ. ಚೌಕಟ್ಟಿನ ಬಗ್ಗೆ ಮಾತ್ರ ಅವಳು ಯಾರಿಗೂ ಏನೂ ಮಾತು ಕೊಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಇಸ್ತ್ರಿ ಮೇಜಿನ ಹಿಂದಿನ ಗೋಡೆಗೆ, ಯಜಮಾನಿಯಿಂದ ಸುತ್ತಿಗೆ ಕೇಳಿ ಪಡೆದು, ತಾನೇ ಮೊಳೆ ಹೊಡೆದು ತೂಗುಹಾಕಿದಳು. ಬಟ್ಟೆ ಕೊಡಲು ಬಂದ ಹೊಸ ಹೆಂಗಸೊಬ್ಬಳು ಫೋಟೋ ನೋಡಿ ಬೆಚ್ಚಿ, ಅದು ಯಾರೆಂದು ಕೇಳಿದಳು.

“ನಾನೇ,” ಎಂದಳು ಅವಳು, ಅಂಗಿಯ ತೋಳಿಗೆ ನೀರು ಚಿಮುಕಿಸುತ್ತ. “ನಮ್ಮ ಅಕ್ಕನ ಕೈಗುಣ. ಎದುರು ಅಂಗಡೀಲೇ ಇದ್ದಾರೆ, ಬೇಕಾದ್ರೆ ಕೇಳಿ ನೋಡಿ.”